ದಣಿವನ್ನು ಅಳೆದವರು

ವ್ಯಾಯಾಮ ಎಂದೊಡನೆ ಹಳೆಯ ಮೈಸೂರು ಕಡೆಯವರಾದ ನಮಗೆ ನೆನಪಾಗುವುದು ಗರಡಿಮನೆ. ಗಿಡ್ಡ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಹನುಮಂತ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಹೆಂಗಸರು ಅದರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅದೇ ಬೀದಿಯಲ್ಲಿ ನನ್ನ ಅಜ್ಜಿಯಂಥವರು ಬೆಳಗಿನ ಜಾವ ಎದ್ದು ಬಾವಿಯಿಂದ ಕೊಡಗಟ್ಟಲೆ ನೀರು ಸೇದುತ್ತಿದ್ದರು, ಒರಳಲ್ಲಿ ರುಬ್ಬುತ್ತಿದ್ದರು, ಒನಕೆ ಹಿಡಿದು ಕುಟ್ಟುತ್ತಿದ್ದರು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ, ಮನೆಗೆಲಸ ಎಂದರು. ಇಷ್ಟೆಲ್ಲ ಮಾಡುವವರನ್ನೇ ಅಬಲೆಯರು ಎಂದೂ ಕರೆದರು.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ನಮ್ಮೂರಿನಲ್ಲಲ್ಲ, ಅಮೆರಿಕದ ಮಿಲ್ವಾಕಿಯಲ್ಲಿ. ನನ್ನ ತಮ್ಮನ ಮಗಳು ಸಿಂಧು ಅಲ್ಲಿನ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಎಕ್ಸರ್‌ಸೈಜ್ ಫಿಸಿಯಾಲಜಿ, ಅಂದರೆ ವ್ಯಾಯಾಮದ ಶರೀರವಿಜ್ಞಾನ ಓದುತ್ತಿದ್ದಳು. 2022ರ ಸೆಪ್ಟೆಂಬರ್‌ನಿಂದ ಆರು ತಿಂಗಳು ನಾನು ತಮ್ಮನ ಮನೆಯಲ್ಲಿದ್ದೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳಿದವಳು ನಾನು. ನಿವೃತ್ತಿಯಾದರೂ ಕೆದಕುವ ಬುದ್ಧಿ ಹೋಗಬೇಕಲ್ಲ! ಮಾರ್ಕ್ವೆಟ್ ನಡೆಸುವವರು ಜೆಸ್ವಿಟ್ ಪಾದ್ರಿಗಳು. ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಎಂದರೆ ನಿಮಗೆ ತಟ್ಟನೆ ತಿಳಿಯುತ್ತದೆ, ಅದೇ ಯೇಸುಸಭೆಯವರು. ಸನ್ಯಾಸಿಗಳಿಗೂ ವ್ಯಾಯಾಮಕ್ಕೂ ಎತ್ತಣಿಂದೆತ್ತ ಸಂಬಂಧ? ಮದುವೆ ಬಿಟ್ಟವರು, ಉಪವಾಸ ಮಾಡುವವರು, ಸ್ನಾಯು, ಶ್ವಾಸಕೋಶ, ಬೆವರುಗಳ ವಿದ್ಯೆಯನ್ನು ಏಕೆ ಕಲಿಸುತ್ತಾರೆ? ಅದೂ ಹೆಣ್ಣುಮಕ್ಕಳಿಗೆ?

ಸಿಂಧುವನ್ನು ಕೇಳಿದೆ. "ಅತ್ತೆ, ನನಗೆ ಪರೀಕ್ಷೆ ಇದೆ. ನೀವೇ ಲೈಬ್ರರಿಗೆ ಬನ್ನಿ" ಎಂದಳು. ಹೋದೆ. ಅಲ್ಲಿ ಕೂತು ಓದಿದ್ದರಲ್ಲಿ ನನಗೆ ಸಿಕ್ಕಿದ್ದು ಎರಡು ಚರಿತ್ರೆಗಳು. ಒಂದು ಈ ಪಾದ್ರಿಗಳದು, ಇನ್ನೊಂದು ಈ ವಿಜ್ಞಾನದ್ದು. ಎರಡರಲ್ಲೂ ಹೆಣ್ಣು ಬಹಳ ಕಾಲ ಬಾಗಿಲ ಆಚೆ ನಿಂತಿದ್ದಳು.

ಮೊದಲು ಪಾದ್ರಿಗಳ ಕಥೆ. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯಲ್ಲಿ. ಮೊದಲಿಗೆ ಆತ ಸಂತನಲ್ಲ, ಶೋಕಿಯ ಕತ್ತಿವರಸೆಯ ಯುವಕ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಬಲಗಾಲು ನುಚ್ಚುನೂರಾಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಮತ್ತೆ ಮುರಿದು ಕೂಡಿಸಿದರು. ಆಮೇಲೂ ಮೊಣಕಾಲ ಕೆಳಗೆ ಮೂಳೆಯ ತುದಿಯೊಂದು ಎದ್ದು ಕಾಣುತ್ತಿತ್ತು. ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ ಎಂದು ಆತ ಅದನ್ನೂ ಗರಗಸದಿಂದ ಕೊಯ್ಯಿಸಿಕೊಂಡ. ಅರಿವಳಿಕೆ ಇಲ್ಲದ ಕಾಲ! ಇಷ್ಟಾದರೂ ಆ ಕಾಲು ಕುಂಟುವುದು ಜೀವಮಾನವಿಡೀ ತಪ್ಪಲಿಲ್ಲ. ಹಾಸಿಗೆ ಹಿಡಿದಿದ್ದಾಗ ಓದಲು ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆಗಳು. ಅಲ್ಲಿಂದ ಬದುಕು ತಿರುಗಿತು.

ಮೇಲೆದ್ದವನೇ ಮಾನ್ರೇಸಾ ಎಂಬ ಊರಿನಲ್ಲಿ ಘೋರ ಉಪವಾಸ, ದೇಹದಂಡನೆ ಮಾಡಿ ಆರೋಗ್ಯ ಕೆಡಿಸಿಕೊಂಡ. ಆ ಅನುಭವದಿಂದ ಕಲಿತದ್ದನ್ನು ಮುಂದೆ ನಿಯಮವಾಗಿಯೇ ಬರೆದ. ದೇಹದ ಬಗ್ಗೆ ಅತಿ ಚಿಂತೆ ಸಲ್ಲದು, ಆದರೆ ದೇವರ ಕೆಲಸಕ್ಕೆ ಬೇಕಾದ ಆರೋಗ್ಯವನ್ನೂ ಕಸುವನ್ನೂ ಕಾಪಾಡಿಕೊಳ್ಳುವುದು ಮೆಚ್ಚತಕ್ಕ ವಿಷಯ ಎಂಬುದು ಯೇಸುಸಭೆಯ ಸಂವಿಧಾನದಲ್ಲಿ ಬರುವ ಮಾತಿನ ತಾತ್ಪರ್ಯ. ಆತನ ಹೆಸರಾಂತ ಪುಸ್ತಕದ ಹೆಸರೇ ಆತ್ಮದ ವ್ಯಾಯಾಮಗಳು ಎಂಬ ಅರ್ಥದ್ದು. 1548ರಲ್ಲಿ ಪೋಪರ ಒಪ್ಪಿಗೆ ಪಡೆದು ಅಚ್ಚಾದ ಆ ಪುಸ್ತಕದ ಆರಂಭದಲ್ಲೇ ಒಂದು ಹೋಲಿಕೆ ಇದೆ: ಅಡ್ಡಾಡುವುದು, ನಡೆಯುವುದು, ಓಡುವುದು ಹೇಗೆ ಮೈಗೆ ವ್ಯಾಯಾಮವೋ ಹಾಗೆ ಧ್ಯಾನ, ಪ್ರಾರ್ಥನೆಗಳು ಆತ್ಮಕ್ಕೆ ವ್ಯಾಯಾಮ. ಕುಂಟುಗಾಲಿನ ಮನುಷ್ಯನಿಗೆ ಓಟದ ಹೋಲಿಕೆ ಹೊಳೆದದ್ದು ನೋಡಿ!

1548ರಲ್ಲೇ ಸಿಸಿಲಿಯ ಮೆಸ್ಸಿನಾದಲ್ಲಿ ಇವರ ಶಾಲೆ ಶುರುವಾಯಿತು. 1599ರಲ್ಲಿ ಜೆಸ್ವಿಟ್ ಶಾಲೆಗಳಿಗೆಲ್ಲ ಅನ್ವಯಿಸುವ ಪಾಠಕ್ರಮ ಬಂತು. ಅದರಲ್ಲಿ ಪಾಠಕ್ಕೆ ಹೇಗೋ ಹಾಗೆ ವಾರದ ಬಿಡುವಿಗೂ ನಿಯಮವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇವರು 'ಕ್ಯೂರಾ ಪರ್ಸೊನಾಲಿಸ್' ಎಂಬ ಲ್ಯಾಟಿನ್ ಮಾತನ್ನು ಬಳಕೆಗೆ ತಂದರು. ವಿದ್ಯಾರ್ಥಿಯನ್ನು ಅಂಕಪಟ್ಟಿಯೆಂದು ನೋಡದೆ ಮೈ, ಮನಸ್ಸು, ಆತ್ಮ ಎಲ್ಲ ಸೇರಿದ ಒಬ್ಬ ಮನುಷ್ಯನೆಂದು ಕಾಣುವುದು ಎಂದು ಅದರ ಆಶಯ. ಮಾರ್ಕ್ವೆಟ್‌ನಲ್ಲಿ ಹೃದಯದ ಬಡಿತ ಅಳೆಯಲು ಕಲಿಯುವ ಹುಡುಗಿಯೂ ತತ್ತ್ವಶಾಸ್ತ್ರ, ದೇವತಾಶಾಸ್ತ್ರಗಳ ಪಾಠ ಓದಲೇಬೇಕು. ಅವಳು ಯಾವ ಮತದವಳಾದರೂ ಸರಿ. ನಮ್ಮ ಸಿಂಧು ಸಂಕಷ್ಟಿಯ ದಿನ ಉಪವಾಸವಿದ್ದು ಸಂತ ಅಗಸ್ಟೀನನ ಮೇಲೆ ಪ್ರಬಂಧ ಬರೆದದ್ದನ್ನು ನಾನೇ ಕಂಡಿದ್ದೇನೆ.

ಇಷ್ಟು ಓದಿದಾಗ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದು ಉಳಿಯಿತು. ಆ 'ಒಬ್ಬ ಮನುಷ್ಯ' ಎಂಬುದರಲ್ಲಿ ಹೆಣ್ಣು ಸೇರಿದ್ದಳೆ?

ಇಗ್ನೇಷಿಯಸ್ ಬಡ ವಿದ್ಯಾರ್ಥಿಯಾಗಿ ಓದುತ್ತಿದ್ದ ಕಾಲದಲ್ಲಿ ಹಣ ಕೊಟ್ಟು ನಡೆಸಿದವರಲ್ಲಿ ಬಾರ್ಸಿಲೋನಾದ ಇಸಬೆಲ್ ರೋಸೆರ್ ಎಂಬಾಕೆ ಮುಖ್ಯಳು. ಗಂಡ ತೀರಿಕೊಂಡ ಮೇಲೆ ಆಕೆ ರೋಮಿಗೆ ಬಂದು, ತನ್ನನ್ನೂ ಯೇಸುಸಭೆಗೆ ಸೇರಿಸಿಕೊಳ್ಳಿ ಎಂದು ಹಟ ಹಿಡಿದಳು. ಇಗ್ನೇಷಿಯಸ್‌ಗೆ ಇಷ್ಟವಿರಲಿಲ್ಲ. ಆಕೆ ಪೋಪರವರೆಗೂ ಹೋದಳು. 1545ರಲ್ಲಿ ಇನ್ನಿಬ್ಬರು ಹೆಂಗಸರೊಡನೆ ದೀಕ್ಷೆಯನ್ನೂ ಪಡೆದಳು. ಮರುವರ್ಷವೇ ಆ ಮೂವರನ್ನೂ ಬಿಡುಗಡೆ ಮಾಡಿದರು. ಇನ್ನು ಮುಂದೆ ಹೆಂಗಸರ ಶಾಖೆ ನಮಗೆ ಬೇಡ ಎಂದು ಇಗ್ನೇಷಿಯಸ್ ಪೋಪರಿಂದ ವಿನಾಯಿತಿಯನ್ನೇ ಕೇಳಿ ಪಡೆದ. ಆದರೆ 1554ರಲ್ಲಿ ಸ್ಪೇನಿನ ರಾಜಕುಮಾರಿ ಹ್ವಾನಾ ಸೇರಬೇಕೆಂದಾಗ ಇಲ್ಲವೆನ್ನಲು ಧೈರ್ಯವಾಗಲಿಲ್ಲ. ಆಕೆ ಎರಡನೆಯ ಫಿಲಿಪ್ ದೊರೆಯ ತಂಗಿ, ಆಗ ಸ್ಪೇನನ್ನು ಆಳುತ್ತಿದ್ದವಳೇ ಆಕೆ. ಗುಟ್ಟಾಗಿ ಸೇರಿಸಿಕೊಂಡರು. ಪತ್ರಗಳಲ್ಲಿ ಆಕೆಗೆ ಮಟೆಯೊ ಸಾಂಚೆಜ್ ಎಂಬ ಗಂಡು ಹೆಸರು ಇಟ್ಟುಕೊಂಡಿದ್ದರು. 1573ರಲ್ಲಿ ಸಾಯುವತನಕ ಆಕೆ ಜೆಸ್ವಿಟ್ ಆಗಿಯೇ ಇದ್ದಳು. ಹಾಗೆ ಬಾಳಿ ಹಾಗೇ ತೀರಿಕೊಂಡ ಹೆಂಗಸು ಆಕೆಯೊಬ್ಬಳೇ. ದುಡ್ಡು ಕೊಟ್ಟವಳಿಗೆ ಬಾಗಿಲು ತೆರೆದು ಮುಚ್ಚಿದರು, ರಾಜ್ಯ ಆಳುವವಳಿಗೆ ಹಿತ್ತಿಲ ಬಾಗಿಲು ತೆಗೆದರು.

ಅಲ್ಲಿಂದ ಮೂರೂವರೆ ಶತಮಾನ ದಾಟಿ ಮಿಲ್ವಾಕಿಗೆ ಬರೋಣ. ಮಾರ್ಕ್ವೆಟ್ ಶುರುವಾದದ್ದು 1881ರಲ್ಲಿ, ಗಂಡುಹುಡುಗರ ಸಣ್ಣ ಕಾಲೇಜಾಗಿ. ಹೆಸರು ಬಂದದ್ದು 1673ರಲ್ಲಿ ದೋಣಿಯಲ್ಲಿ ಮಿಸಿಸಿಪ್ಪಿ ನದಿಯುದ್ದ ಪಯಣಿಸಿದ ಫ್ರೆಂಚ್ ಜೆಸ್ವಿಟ್ ಪಾದ್ರಿ ಜಾಕ್ ಮಾರ್ಕ್ವೆಟ್‌ನಿಂದ. 1909ರ ಬೇಸಿಗೆಯಲ್ಲಿ ಆಗಿನ ಅಧ್ಯಕ್ಷ ಫಾದರ್ ಜೇಮ್ಸ್ ಮೆಕೇಬ್ ಒಂದು ಬೇಸಿಗೆ ಶಾಲೆ ತೆರೆದು ಹೆಂಗಸರನ್ನೂ ಸೇರಿಸಿಕೊಂಡರು. ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಸಿಸ್ಟರ್‌ಗಳಿಗೆ ಪದವಿ ಬೇಕಾಗಿತ್ತು, ಅದನ್ನು ಕೊಡುವವರು ಬೇಕಿತ್ತು. ಗಂಡಸರ ಜೊತೆ ಹೆಂಗಸರಿಗೂ ಪದವಿಯ ತರಗತಿ ತೆರೆದ ಮೊದಲ ಜೆಸ್ವಿಟ್ ವಿಶ್ವವಿದ್ಯಾಲಯ ಇದು. ಮಿಕ್ಕವು ನಿಧಾನ. ವಾಷಿಂಗ್ಟನ್ನಿನ ಹೆಸರಾಂತ ಜಾರ್ಜ್‌ಟೌನ್ ತನ್ನ ಮುಖ್ಯ ಪದವಿ ಕಾಲೇಜಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 1969ರಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ!

ಇನ್ನು ವಿಜ್ಞಾನದ ಕಥೆ. ಮನುಷ್ಯ ದುಡಿಯುವಾಗ ಎಷ್ಟು ಉಸಿರು ಬೇಕು ಎಂದು ಮೊದಲು ಲೆಕ್ಕಹಾಕಿದವರಲ್ಲಿ ಒಬ್ಬ ಫ್ರಾನ್ಸಿನ ಲವಾಸಿಯೆ. ಆಮ್ಲಜನಕಕ್ಕೆ ಹೆಸರಿಟ್ಟವನು. 1790ರ ಆಸುಪಾಸಿನಲ್ಲಿ ತನ್ನ ಜೊತೆಗಾರ ಸೆಗ್ವಿನ್‌ನ ಮುಖಕ್ಕೆ ಮುಸುಕು ಕಟ್ಟಿ, ಕಾಲಿನಿಂದ ಪೆಡಲ್ ಒತ್ತಿಸುತ್ತ, ಒಳಗೆ ಹೋದ ಗಾಳಿಯನ್ನು ಅಳೆದ. ಸುಮ್ಮನೆ ಕೂತಾಗಿಗಿಂತ ದುಡಿಯುವಾಗ ಆಮ್ಲಜನಕ ಹಲವು ಪಟ್ಟು ಬೇಕೆಂದು ಕಂಡ. ಈ ಪ್ರಯೋಗದ ಚಿತ್ರಗಳು ಇಂದಿಗೂ ಉಳಿದಿವೆ. ಅವನ್ನು ಬರೆದವಳು ಅವನ ಹೆಂಡತಿ ಮರಿ ಆನ್. ಚಿತ್ರದ ಅಂಚಿನಲ್ಲಿ ಒಂದು ಮೇಜು, ಅದರ ಮುಂದೆ ಕೂತು ಅಂಕಿಗಳನ್ನು ಬರೆದುಕೊಳ್ಳುತ್ತಿರುವ ಒಬ್ಬ ಹೆಂಗಸು, ಅದು ತಾನೇ. ಸಿಂಧುವಿನ ಪ್ರಯೋಗಶಾಲೆಯಲ್ಲಿ ಟ್ರೆಡ್‌ಮಿಲ್ ಮೇಲೆ ಓಡುವವರ ಮುಖಕ್ಕೆ ಕಟ್ಟುವ ಮುಸುಕು, ಅದರ ಕೊಳವೆ ನೋಡಿದಾಗ ನನಗೆ ನೆನಪಾದದ್ದು ಆ ಮೇಜಿನ ಹೆಂಗಸು.

ಆದರೆ ಅಳೆಯಲು ಬರುವ ಮುಂಚೆಯೇ ತೀರ್ಪು ಕೊಟ್ಟವರು ಎಷ್ಟೋ ಮಂದಿ. 1873ರಲ್ಲಿ ಹಾರ್ವರ್ಡ್‌ನಲ್ಲಿ ಹಿಂದೆ ಪ್ರಾಧ್ಯಾಪಕನಾಗಿದ್ದ ಡಾಕ್ಟರ್ ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದ. ಹುಡುಗಿಯರು ಹುಡುಗರಂತೆ ಓದಿದರೆ ಶಕ್ತಿಯೆಲ್ಲ ಮೆದುಳಿಗೆ ಹರಿದು ಗರ್ಭಕೋಶ ಸೊರಗುತ್ತದೆ, ಮುಟ್ಟಿನ ದಿನಗಳಲ್ಲಂತೂ ಅವರಿಗೆ ಓದೂ ಬೇಡ, ಓಡಾಟವೂ ಬೇಡ ಎಂಬುದು ಅದರ ವಾದ. ಆಧಾರ? ಆತ ಕಂಡಿದ್ದ ಬೆರಳೆಣಿಕೆಯ ರೋಗಿಗಳು. ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಕಾಲೇಜಿನ ಮೆಟ್ಟಿಲಿಗೆ ಬಂದ ಹುಡುಗಿಯರ ತಂದೆತಾಯಿ ಹೆದರಿದರು.

ಇದಕ್ಕೆ ಉತ್ತರ ಕೊಟ್ಟವಳು ನ್ಯೂಯಾರ್ಕಿನ ಡಾಕ್ಟರ್ ಮೇರಿ ಪಟ್ನಂ ಜಕೋಬಿ. ಪ್ಯಾರಿಸಿನ ವೈದ್ಯಕೀಯ ಶಾಲೆಯಲ್ಲಿ ಹಟ ಹಿಡಿದು ಪ್ರವೇಶ ಪಡೆದು 1871ರಲ್ಲಿ ಪದವಿ ಗಳಿಸಿದವಳು. ಆಕೆ ಸಿಟ್ಟಿನ ಲೇಖನ ಬರೆಯಲಿಲ್ಲ. ಒಂದು ಪ್ರಶ್ನಾವಳಿ ಬರೆದಳು. ಮುಟ್ಟಿನ ದಿನಗಳಲ್ಲಿ ನೋವಿರುತ್ತದೆಯೆ, ಎಷ್ಟು ದೂರ ನಡೆಯಬಲ್ಲಿರಿ, ಏನು ಓದಿದ್ದೀರಿ, ಏನು ಕೆಲಸ ಮಾಡುತ್ತೀರಿ ಎಂದು ಹೆಂಗಸರನ್ನೇ ಕೇಳಿದಳು. 268 ಮಂದಿ ಉತ್ತರ ಬರೆದರು. ಜೊತೆಗೆ ಕೆಲವರ ನಾಡಿ, ತೋಳಿನ ಬಲಗಳನ್ನು ತಿಂಗಳ ಬೇರೆ ಬೇರೆ ದಿನಗಳಲ್ಲಿ ಯಂತ್ರದಿಂದ ಅಳೆದಳು. ಆರೋಗ್ಯವಾಗಿರುವ ಹೆಂಗಸು ಆ ದಿನಗಳಲ್ಲಿ ಕೆಲಸ ಬಿಟ್ಟು ಮಲಗಲೇಬೇಕೆನ್ನಲು ಯಾವ ಆಧಾರವೂ ಇಲ್ಲ ಎಂಬುದು ಆಕೆ ಕಂಡ ಸತ್ಯ. ಹೆಸರು ಕಾಣಿಸದೆ ಕಳಿಸಿದ ಆ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡ್‌ನದೇ ಬಾಯ್ಲ್‌ಸ್ಟನ್ ಬಹುಮಾನ ಬಂತು. ಹಾರ್ವರ್ಡ್‌ನ ವೈದ್ಯಕೀಯ ಶಾಲೆಯಲ್ಲಿ ಆಗ ಹೆಂಗಸರಿಗೆ ಪ್ರವೇಶವಿರಲಿಲ್ಲ!

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನಂಜನಗೂಡಿನ ನಮ್ಮ ಮನೆಯಲ್ಲಿ ಹಿತ್ತಿಲ ಕಡೆ ಒಂದು ಸಣ್ಣ ಕೋಣೆಯಿತ್ತು. ಮೂರು ದಿನ ಅಲ್ಲೇ ಚಾಪೆ, ಅಲ್ಲೇ ತಟ್ಟೆ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ನಾವು ಹುಡುಗಿಯರು ಮರದ ಕೆಳಗೆ ಕೂತು ಕಸೂತಿ ಹಾಕುತ್ತಿದ್ದೆವು. ನನಗೆ ಓಡುವುದೆಂದರೆ ಇಷ್ಟವಿತ್ತು. ಕಪಿಲೆಯ ದಂಡೆಯಲ್ಲಿ ತಮ್ಮನನ್ನು ಹಿಂದೆ ಹಾಕಿ ಓಡುತ್ತಿದ್ದವಳು ಹನ್ನೆರಡನೆಯ ವಯಸ್ಸಿಗೆ ನಿಂತೆ. ಯಾರೂ ಹೊಡೆದು ನಿಲ್ಲಿಸಲಿಲ್ಲ. "ದೊಡ್ಡವಳಾದೆ, ಇನ್ನು ಓಡಬಾರದು, ಹೊಟ್ಟೆಗೆ ತೊಂದರೆಯಾಗುತ್ತೆ" ಎಂದರು ಅಜ್ಜಿ. ಪ್ರೀತಿಯಿಂದಲೇ ಹೇಳಿದರು. ಮಡಿಯ ಅಜ್ಜಿಗೂ ಹಾರ್ವರ್ಡ್‌ನ ಡಾಕ್ಟರಿಗೂ ಪರಿಚಯವಿರಲಿಲ್ಲ. ಆದರೂ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತಲ್ಲ ಎಂದು ನನಗೆ ಆಶ್ಚರ್ಯ. ಒಂದು ಕಡೆ ಅದಕ್ಕೆ ಶಾಸ್ತ್ರದ ಹೆಸರು, ಇನ್ನೊಂದು ಕಡೆ ವಿಜ್ಞಾನದ ಹೆಸರು.

ಜಕೋಬಿ ಬಹುಮಾನ ಗೆದ್ದಳು, ಆದರೆ ಕ್ಲಾರ್ಕನ ಮಾತೇ ಬಹಳ ಕಾಲ ನಡೆಯಿತು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರ 800 ಮೀಟರ್ ಓಟ ನಡೆಯಿತು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದಳು. ಅದು ವಿಶ್ವದಾಖಲೆ. ಜಪಾನಿನ ಹಿತೋಮಿ ಕಿನುಯೆ ಎರಡನೆಯವಳು. ಮರುದಿನ ಪತ್ರಿಕೆಗಳಲ್ಲಿ ಬಂದದ್ದು ಈ ಸಾಧನೆಯಲ್ಲ, ಹೆಂಗಸರು ಓಡಲಾರದೆ ದಾರಿಯಲ್ಲೇ ಕುಸಿದು ಬಿದ್ದರು ಎಂಬ ಕಥೆ. ಹನ್ನೊಂದು ಹೆಂಗಸರ ದುರವಸ್ಥೆ ಎಂದು ಬರೆದವರೂ ಇದ್ದರು. ಅಂತಿಮ ಓಟದಲ್ಲಿ ಇದ್ದವರೇ ಒಂಬತ್ತು ಮಂದಿ, ಒಂಬತ್ತು ಮಂದಿಯೂ ಓಟ ಮುಗಿಸಿದ್ದರು! ಗುರಿ ಮುಟ್ಟಿದ ಮೇಲೆ ದಣಿದು ನೆಲಕ್ಕೆ ಕೂತರೆ ಗಂಡಸಿನಲ್ಲಿ ಅದು ಶೌರ್ಯ, ಹೆಂಗಸಿನಲ್ಲಿ ದೌರ್ಬಲ್ಯ. ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ. ಮೂವತ್ತೆರಡು ವರ್ಷ ಎಂದರೆ ಒಬ್ಬ ಓಟಗಾರ್ತಿಯ ಆಯುಷ್ಯವಲ್ಲ, ಎರಡು ಮೂರು ತಲೆಮಾರಿನ ಓಟಗಾರ್ತಿಯರ ಆಯುಷ್ಯ.

ಆ ಹೊತ್ತಿಗೆ ವ್ಯಾಯಾಮ ವಿಜ್ಞಾನ ದೊಡ್ಡದಾಗಿ ಬೆಳೆಯುತ್ತಿತ್ತು. ದಣಿವನ್ನೇ ಅಭ್ಯಾಸ ಮಾಡಲು 1927ರಲ್ಲಿ ಹಾರ್ವರ್ಡ್‌ನಲ್ಲಿ ಒಂದು ಪ್ರಯೋಗಶಾಲೆ ಶುರುವಾಗಿ 1947ರವರೆಗೆ ನಡೆಯಿತು. 1953ರಲ್ಲಿ ಲಂಡನ್ನಿನ ಡಾಕ್ಟರ್ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವಂತೂ ಸೊಗಸಾದದ್ದು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರಲ್ಲಿ ಯಾರಿಗೆ ಹೃದಯದ ಕಾಯಿಲೆ ಕಡಿಮೆ? ಕಂಡಕ್ಟರಿಗೆ. ನಡೆದಾಡುವವನ ಹೃದಯ ಗಟ್ಟಿ ಎಂಬ ಇಂದಿನ ಡಾಕ್ಟರುಗಳ ಬುದ್ಧಿವಾದಕ್ಕೆ ಇದು ಒಂದು ದೊಡ್ಡ ತಳಹದಿ. ಆದರೆ ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಗಂಡಸರನ್ನು ಮಾತ್ರ. ದಿನಕ್ಕೆ ಹತ್ತು ಸಲ ಮಹಡಿ ಹತ್ತಿ ಬಟ್ಟೆ ಒಣಹಾಕುವವಳ ಹೃದಯದ ಪಾಡೇನು? ಕೇಳಿದವರಿಲ್ಲ. ತೀರ ಇತ್ತೀಚೆಗೂ, 2011ರಿಂದ 2013ರವರೆಗೆ ಕ್ರೀಡಾ ವೈದ್ಯಕೀಯದ ಮೂರು ದೊಡ್ಡ ಪತ್ರಿಕೆಗಳಲ್ಲಿ ಬಂದ 1,382 ಲೇಖನಗಳನ್ನು ಎಣಿಸಿ ನೋಡಿದವರಿಗೆ, ಪ್ರಯೋಗಕ್ಕೆ ಒಳಗಾದವರಲ್ಲಿ ಹೆಂಗಸರು ನೂರಕ್ಕೆ 39 ಮಾತ್ರ ಎಂದು ತಿಳಿದುಬಂತು.

ಕೊನೆಗೆ ಬಾಗಿಲನ್ನು ಕಾಲಿನಿಂದಲೇ ತಳ್ಳಿದವರು ಓಟಗಾರ್ತಿಯರು. 1966ರಲ್ಲಿ ಬಾಬಿ ಗಿಬ್ ಎಂಬ ಹುಡುಗಿ ಬಾಸ್ಟನ್ ಮ್ಯಾರಥಾನ್ ಓಡಲು ಅರ್ಜಿ ಹಾಕಿದಳು. ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿ ಇಲ್ಲ ಎಂದು ಉತ್ತರ ಬಂತು. ಆಕೆ ಕ್ಯಾಲಿಫೋರ್ನಿಯಾದಿಂದ ದಿನಗಟ್ಟಲೆ ಬಸ್ಸಿನಲ್ಲಿ ಬಂದು, ತಮ್ಮನ ಚಡ್ಡಿ ತೊಟ್ಟು, ಓಟ ಶುರುವಾಗುವ ಜಾಗದ ಹತ್ತಿರ ಪೊದೆಯಲ್ಲಿ ಅಡಗಿ ಕೂತು, ಗಂಡಸರ ನಡುವೆ ನುಸುಳಿ ಓಡಿದಳು. 42 ಕಿಲೋಮೀಟರ್ ಮುಗಿಸಿದಾಗ ಅರ್ಧಕ್ಕಿಂತ ಹೆಚ್ಚು ಗಂಡಸರು ಆಕೆಯ ಹಿಂದಿದ್ದರು. ಆ ದಾರಿಯ ಕೊನೆಯ ಕಠಿಣ ಏರು ಮುಗಿದೊಡನೆ ಎದುರಾಗುವುದು ಬಾಸ್ಟನ್ ಕಾಲೇಜು, ಅದೂ ಜೆಸ್ವಿಟ್ ವಿಶ್ವವಿದ್ಯಾಲಯವೇ. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ 261ನೆಯ ನಂಬರಿನ ಚೀಟಿ ಕಟ್ಟಿಕೊಂಡು ಓಡಿದಾಗ ಅಧಿಕಾರಿಯೊಬ್ಬ ಆಕೆಯ ಮೈಮೇಲಿನ ಚೀಟಿ ಕಿತ್ತುಕೊಳ್ಳಲು ನುಗ್ಗಿದ. ಆ ಫೋಟೋ ಜಗತ್ತೆಲ್ಲ ಸುತ್ತಿತು. ಬಾಸ್ಟನ್ ಹೆಂಗಸರಿಗೆ ಅಧಿಕೃತವಾಗಿ ತೆರೆದದ್ದು 1972ರಲ್ಲಿ.

ಅದೇ 1972ರ ಜೂನ್‌ನಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾಯಿದೆ ಬಂತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣಸಂಸ್ಥೆಯೂ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ ಎಂಬುದು ಅದರ ತಿರುಳು. ಅದಕ್ಕಾಗಿ ದುಡಿದವರಲ್ಲಿ ಮುಖ್ಯಳು ಹವಾಯಿಯ ಪ್ಯಾಟ್ಸಿ ಮಿಂಕ್. ಚಿಕ್ಕಂದಿನಲ್ಲಿ ಡಾಕ್ಟರಾಗಬೇಕೆಂದಿದ್ದಳು. ಅರ್ಜಿ ಹಾಕಿದ ವೈದ್ಯಕೀಯ ಕಾಲೇಜುಗಳಲ್ಲಿ ಒಂದೂ ಸೇರಿಸಿಕೊಳ್ಳಲಿಲ್ಲವಾಗಿ ಕಾನೂನು ಓದಿ, ಕಾನೂನನ್ನೇ ಬದಲಿಸಿದಳು. ಆ ಕಾಯಿದೆ ಬರುವ ಮುಂಚಿನ ವರ್ಷ ಅಮೆರಿಕದ ಹೈಸ್ಕೂಲುಗಳಲ್ಲಿ ಆಟಕ್ಕೆ ಇಳಿದಿದ್ದ ಹುಡುಗಿಯರು ಮೂರು ಲಕ್ಷಕ್ಕಿಂತ ಕಡಿಮೆ, ಹುಡುಗರು 36 ಲಕ್ಷಕ್ಕೂ ಹೆಚ್ಚು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಬಂದು, ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದಳು. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದೂ ಅದೇ ಒಲಿಂಪಿಕ್ಸ್‌ನಲ್ಲಿ. ಆ ಬೆಳಿಗ್ಗೆ ನಾವು ಮನೆಯವರೆಲ್ಲ ಮಾತಿಲ್ಲದೆ ಕೂತದ್ದು ನೆನಪಿದೆ.

ಸಿಂಧುವಿನ ವಿದ್ಯೆ ಇದೆಲ್ಲದರ ಮೇಲೆ ನಿಂತಿದೆ. ಅವಳು ಓದುವ ಕಡೆಯೇ ಹಲವು ವರ್ಷ ಸಂಶೋಧನೆ ನಡೆಸಿದ ಸಾಂಡ್ರಾ ಹಂಟರ್ ಎಂಬ ವಿಜ್ಞಾನಿ ಆಯ್ದುಕೊಂಡದ್ದು ದಣಿವಿನ ವಿಷಯವನ್ನೇ. ಗಂಡು ಹೆಣ್ಣು ಇಬ್ಬರಿಗೂ ಅವರವರ ಬಲದ ಇಂತಿಷ್ಟು ಪಾಲು ಎಂದು ಒಂದೇ ಪ್ರಮಾಣ ಗೊತ್ತುಮಾಡಿ, ಸ್ನಾಯುವನ್ನು ಬಿಗಿಹಿಡಿದು ನಿಲ್ಲಿಸಿ ಎಂದರೆ, ಸಾಮಾನ್ಯವಾಗಿ ಹೆಚ್ಚು ಹೊತ್ತು ತಾಳುವವಳು ಹೆಂಗಸು. ಹಾಗೆಂದು ಹೆಂಗಸೇ ಬಲಶಾಲಿ ಎಂದು ಬೀಗುವ ಹಾಗಿಲ್ಲ. ಅತ್ಯುತ್ತಮ ಓಟಗಾರರನ್ನು ಹೋಲಿಸಿದರೆ ಗಂಡಸರು ನೂರಕ್ಕೆ ಹತ್ತು ಹನ್ನೆರಡರಷ್ಟು ಮುಂದಿರುತ್ತಾರೆ. ಅವರ ಹೃದಯ ದೊಡ್ಡದು, ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು, ಸ್ನಾಯು ದಪ್ಪ. "ಅತ್ತೆ, ಯಾರು ಮೇಲು ಅಂತ ಅಲ್ಲ. ಬೇರೆ ಅಂತ. ಬೇರೆ ಅಂದಮೇಲೆ ಬೇರೆಯಾಗಿ ಅಳೀಬೇಕು, ಅಷ್ಟೆ" ಎಂದಳು ಸಿಂಧು. ಅವಳ ಅರೆಬರೆ ಕನ್ನಡದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದ ಮಾತು ಇನ್ನೊಂದಿಲ್ಲ.

ಅವಳ ಅಭ್ಯಾಸಕ್ಕೆ ಜನ ಬೇಕಿತ್ತು, ನಾನು ಸಿಕ್ಕಿದೆ. ತಮ್ಮನ ಮನೆಯ ಹತ್ತಿರದ ಸಮುದಾಯ ಭವನದ ಉದ್ದ ಮೊಗಸಾಲೆಯಲ್ಲಿ ಮೂವತ್ತು ಮೀಟರ್ ಅಳೆದು ಎರಡು ಗುರುತು ಇಟ್ಟಳು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲೆನೋ ಅಷ್ಟು ನಡೆಯಬೇಕು, ಬೇಕಾದರೆ ನಿಲ್ಲಬಹುದು. ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿ, ಅತ್ತಿಗೆಯ ಕ್ಯಾನ್ವಾಸ್ ಶೂ ಹಾಕಿ ನಡೆದೆ. ಕೊನೆಯಲ್ಲಿ ಒಂದು ಪಟ್ಟಿ ತೋರಿಸಿ ಎಷ್ಟು ದಣಿವಾಯಿತು ಎಂದು ಕೇಳಿದಳು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಪಟ್ಟಿ ಅದು. ಆರರಿಂದ ಇಪ್ಪತ್ತರವರೆಗೆ ಅಂಕಿಗಳು. ಆರು ಎಂದರೆ ಏನೂ ದಣಿವಿಲ್ಲ, ಇಪ್ಪತ್ತು ಎಂದರೆ ಇನ್ನು ಸಾಧ್ಯವೇ ಇಲ್ಲ. ನನ್ನ ದಣಿವಿಗೆ ನಾನೇ ಒಂದು ಅಂಕಿ ಕೊಡಬೇಕು. ಹದಿಮೂರು ಎಂದೆ. ಸ್ವಲ್ಪ ಕಷ್ಟ ಎಂದು ಅದರ ಅರ್ಥ. ನಡೆದದ್ದು 430 ಮೀಟರ್. ಆಮೇಲೆ ಕೈಗೆ ಒಂದು ಹಿಡಿಕೆ ಕೊಟ್ಟು ಹಿಸುಕಿ ಎಂದಳು. ಹಿಸುಕಿದೆ. ಮುಳ್ಳು ಸರಿದದ್ದು ನೋಡಿ ಅವಳ ಜೊತೆಗಿದ್ದ ಗೆಳತಿ ಹುಬ್ಬೇರಿಸಿದಳು. ನಲವತ್ತು ವರ್ಷ ಚಪಾತಿ ಹಿಟ್ಟು ನಾದಿದ ಕೈ ತಾಯಿ ಇದು ಎಂದು ಸಿಂಧುವಿನ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸಿದೆ.

ಆ ರಾತ್ರಿ ಯೋಚಿಸುತ್ತಿದ್ದೆ. ಅರವತ್ತೆಂಟು ವರ್ಷಗಳಲ್ಲಿ ನನ್ನ ಮೈಯನ್ನು ಎಷ್ಟು ಸಲ ಅಳೆದಿದ್ದಾರೆ! ರವಿಕೆಗಾಗಿ ದರ್ಜಿ ಅಳೆದ. ಬಸುರಿಯಾಗಿದ್ದಾಗ ನರ್ಸು ತೂಕ ನೋಡಿದಳು. ಹೆಣ್ಣು ನೋಡಲು ಬಂದವರು ಎತ್ತರ, ಬಣ್ಣ ಅಳೆದರು. ಐವತ್ತು ದಾಟಿದ ಮೇಲೆ ಬಿಪಿ, ಶುಗರು. ಎಲ್ಲ ಅಳತೆಯೂ ಚೆಂದಕ್ಕೆ, ಇಲ್ಲವೇ ರೋಗಕ್ಕೆ. ಈ ಮೈಗೆ ಏನು ಸಾಧ್ಯ ಎಂದು ಅಳೆದದ್ದು ಇದೇ ಮೊದಲು. ದಣಿವಾಯಿತೇ ಎಂದು ಕೇಳಿ, ನಾನು ಹೇಳಿದ ಅಂಕಿಯನ್ನು ನಂಬಿ ಬರೆದುಕೊಂಡದ್ದೂ ಇದೇ ಮೊದಲು.

ಮಾರ್ಕ್ವೆಟ್‌ನ ಆವರಣದಲ್ಲಿ ಒಂದು ಪುಟ್ಟ ಕಲ್ಲಿನ ಗುಡಿಯಂಥ ಪ್ರಾರ್ಥನಾ ಮಂದಿರವಿದೆ. ಹದಿನೈದನೆಯ ಶತಮಾನದ ಆ ಕಟ್ಟಡವನ್ನು ಫ್ರಾನ್ಸಿನಿಂದ ಕಲ್ಲುಕಲ್ಲಾಗಿ ಬಿಚ್ಚಿ ಸಾಗಿಸಿದ್ದರು. ಮೊದಲು ನ್ಯೂಯಾರ್ಕ್ ಹತ್ತಿರ ಇತ್ತು, ಆಮೇಲೆ 1966ರಲ್ಲಿ ಇಲ್ಲಿ ನಿಂತಿತು. ಅದು ಸಂತ ಜೋನ್ ಆಫ್ ಆರ್ಕ್ ಹೆಸರಿನದು. ಸೈನ್ಯ ನಡೆಸಿದ ಆ ಹಳ್ಳಿಯ ಹುಡುಗಿಯನ್ನು 1431ರಲ್ಲಿ ಸುಟ್ಟರು. ಗಂಡುಡುಗೆ ತೊಟ್ಟದ್ದೂ ಆಕೆಯ ಮೇಲಿನ ಆಪಾದನೆಗಳಲ್ಲಿ ಒಂದು. 1920ರಲ್ಲಿ ಸಂತಳೆಂದು ಸಾರಿದರು. ಆಕೆ ಮುತ್ತಿಟ್ಟ ಕಲ್ಲೊಂದು ಅಲ್ಲಿದೆ, ಅದು ಮಿಕ್ಕ ಕಲ್ಲುಗಳಿಗಿಂತ ತಣ್ಣಗಿರುತ್ತದೆ ಎಂದು ಪ್ರತೀತಿ. ನಾನೂ ಮುಟ್ಟಿದೆ. ಡಿಸೆಂಬರಿನ ಮಿಲ್ವಾಕಿಯಲ್ಲಿ ಎಲ್ಲ ಕಲ್ಲೂ ತಣ್ಣಗೇ ಇದ್ದವು! ಹೊರಗೆ ಬಂದಾಗ ಬೆನ್ನಿಗೆ ಚೀಲ ಏರಿಸಿದ ಹುಡುಗಿಯರು ಹಿಮದ ಮೇಲೆ ದಡದಡ ಹೋಗುತ್ತಿದ್ದರು. ಯಾರಿಗೂ ಈ ಬಾಗಿಲುಗಳ ನೆನಪಿದ್ದ ಹಾಗಿರಲಿಲ್ಲ. ಅದು ಒಳ್ಳೆಯದೇ. ಆದರೆ ನೆನಪಿಡಲು ನಮ್ಮಂಥ ಮೇಷ್ಟ್ರಮ್ಮಂದಿರಾದರೂ ಇರಬೇಕು.

ಸಿಂಧು ಈಗ ಪದವಿ ಮುಗಿಸಿ ಹೃದ್ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸಕ್ಕೆ ಸೇರಿದ್ದಾಳೆ. ನಮ್ಮಲ್ಲೂ ಕಾಲ ಬದಲಾಗಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಎರಡರಲ್ಲೂ ಹೆಣ್ಣುಮಕ್ಕಳು ಓದುತ್ತಿದ್ದಾರೆ. ಊರಿನ ಪಾರ್ಕುಗಳಲ್ಲಿ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ನಡೆಯುವ ಹೆಂಗಸರು ಹೆಚ್ಚಿದ್ದಾರೆ. ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಚುರುಕಾಗಿ ನಡೆಯಬೇಕು, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದರಿಂದ ಈ ಎರಡನೆಯ ಮಾತು ನಮಗೆ ಇನ್ನೂ ಮುಖ್ಯ. ನಾವೋ ನಡೆದು ಬಂದು ಕಾಫಿ ಕುಡಿದು ಸಾಕೆನ್ನುತ್ತೇವೆ. ಎರಡು ನೀರಿನ ಬಾಟಲಿ ಎತ್ತಿ ಇಳಿಸಿದರೂ ಶುರುವಾಯಿತು ಎನ್ನುತ್ತಾಳೆ ಸಿಂಧು.

ಇದನ್ನು ಓದುವ ಮನೆಗಳಲ್ಲಿ ಓಟದ ಮೊದಲ ವಯಸ್ಸಿನ ಹುಡುಗಿಯರು ಇರಬಹುದು. ದೊಡ್ಡವಳಾದಳು ಎಂದು ಸಿಹಿ ಮಾಡಿ, ಆರತಿ ಎತ್ತಿ, ಬೇಕಾದರೆ ಮಾಡಿ, ಅದು ನಿಮ್ಮ ಮನೆಯ ಸಂಭ್ರಮ. ಆದರೆ ಆ ಮಾರನೆಯ ವಾರ ಅವಳು ಶಾಲೆಯ ಮೈದಾನಕ್ಕೆ ಇಳಿಯುವಳೋ ಇಲ್ಲವೋ ಎಂಬುದನ್ನು ಅಜ್ಜಿಯ ಭಯವಾಗಲಿ ಯಾವನೋ ಡಾಕ್ಟರನ ಪುಸ್ತಕವಾಗಲಿ ತೀರ್ಮಾನಿಸಬೇಕಿಲ್ಲ. ಮೇರಿ ಜಕೋಬಿ ಮಾಡಿದ ಹಾಗೆ ಅವಳನ್ನೇ ಕೇಳಬಹುದು. ನೋವಿದ್ದರೆ ಮಲಗಲಿ. ಇಲ್ಲದಿದ್ದರೆ ಓಡಲಿ.